ಆಯುಧಪೂಜೆ ದಿನದ ಸ್ಕ್ಯಾನ್

೨೦೦೪ರ ಆಯುಧಪೂಜೆಯ ಬೆಳಿಗ್ಗೆ, ಬೇಲೂರಿನ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಪಾಲುದಾರ ಧರ್ಮೇಶನಿಗೆ ಬಾಯಿಗೆ ಬಂದಂತೆ ಬೈದೆ.

“ಒಂದೇ ಮಿಷನ್ನಿಗೆ ಎರಡು ಆಂಟಿವೈರಸ್ ಹಾಕ್ತಾರೇನ್ಲಾ? ಒಂದಕ್ಕೊಂದು ಕಚ್ಚಾಡ್ತವೆ. ಆಯಮ್ಮನ ಫೈಲ್ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?”

ಆಯಮ್ಮ ಅಂದರೆ ಗೆಂಡೆಹಳ್ಳಿಯ ಲಲಿತಮ್ಮ. ಮಿಷನ್ನಿಗೆ ಜೋಡಿಸಿದ್ದ ಅವರ ಡಿಸ್ಕಿನಲ್ಲಿ ತೀರಿಹೋದ ಗಂಡನ ದನಿ ರೆಕಾರ್ಡ್ ಆಗಿದ್ದ ಒಂದು ಫೈಲಿತ್ತು. ಆ ಫೈಲಿಗೇ ವೈರಸ್ ತಗುಲಿತ್ತು. “ಅದೊಂದು ಉಳಿಸ್ಕೊಡಪ್ಪ, ಸಾಕು” ಅಂದಿದ್ದರು.

ಪೂಜೆಯಾದ ಮೇಲೆ ಅಂದು ಮಿಷನ್ ಮುಟ್ಟುವಂತಿಲ್ಲ. ಕೀಬೋರ್ಡಿಗೆಲ್ಲ ವಿಭೂತಿ ಬಳಿದೆ. ಧರ್ಮೇಶ ಮತ್ತೆ ಕೈಹಾಕಬಾರದೆಂದು ಅಂಗಡಿಯ ಪವರ್ ಕೇಬಲ್ಲುಗಳನ್ನೆಲ್ಲ ಚೀಲಕ್ಕೆ ತುಂಬಿ, ಬೀಗದ ಕೈ ಸಮೇತ ಮನೆಗೆ ಒಯ್ದೆ.

ಮರುದಿನ ಬಾಗಿಲು ತೆಗೆದಾಗ ಆ ಮಿಷನ್ನಿನ ಮಾನಿಟರ್ ಬಿಸಿಯಾಗಿತ್ತು. ಲಲಿತಮ್ಮನವರ ಡಿಸ್ಕ್ ಮಾತ್ರ ಮಂಜುಗಡ್ಡೆಯಂತಿತ್ತು. ‘ಬೇಡ’ ಎನ್ನಲು ಒತ್ತುವ ಎನ್ ಕೀಯ ಮೇಲಷ್ಟೇ ವಿಭೂತಿ ಅಳಿಸಿತ್ತು. ಕೇಬಲ್ ಸಿಕ್ಕಿಸಿ ಸ್ಕ್ಯಾನ್ ವರದಿ ತೆಗೆದೆ. ಹಿಂದಿನ ಮಧ್ಯಾಹ್ನ ಎರಡೂ ಆಂಟಿವೈರಸ್ ಸೇರಿ ಆ ಫೈಲನ್ನು ಅಳಿಸಲೇ ಎಂದು ನಲವತ್ತೇಳು ಸಲ ಕೇಳಿದ್ದವು. ನಲವತ್ತೇಳು ಸಲವೂ ಯಾರೋ ಬೇಡವೆಂದಿದ್ದರು.

ಧರ್ಮೇಶ ಬಂದ ಕೂಡಲೇ ಕಾಲರ್ ಹಿಡಿದೆ. “ಅಂಗಡಿಗೆ ಬೇರೆ ಬೀಗದ ಕೈ ಮಾಡಿಸ್ಕೊಂಡಿದೀಯೇನ್ಲಾ?”

“ನಿನ್ನೆ ಅರಸೀಕೆರೇಲಿದ್ನಲ್ಲೋ, ನಮ್ಮ ಮಾವನ ಮನೇಲಿ!”

ಸುಳ್ಳೇ ಇರಲಿ, ಅವನೇ ಬಂದಿರಲಿ; ಮಿಷನ್ನಿಗೆ ಕರೆಂಟ್ ಎಲ್ಲಿಂದ ಬಂತು? ಕೇಬಲ್ಲಿನ ಚೀಲ ಇಡೀ ದಿನ ನಮ್ಮ ಮನೆಯ ದೇವರ ಮುಂದಿತ್ತು.