ಬೇಲಿಯ ಮೇಲಿದ್ದ ಹೆಲ್ಮೆಟ್

ಮರ ಕಡಿಯುವವರ ಅಂಗಳದ ಮೂಲೆಯಲ್ಲಿ ಗರಗಸ ರಿಪೇರಿಯ ಶೆಡ್ಡು. ಅಲ್ಲಿ ಕೂತು ಗರಗಸದ ಹಲ್ಲು ಮಸೆಯುವ ಅತ್ತಿಗೆ ಇದುವರೆಗೆ ಮೂರು ಕಳ್ಳತನ ಪತ್ತೆ ಮಾಡಿದ್ದಳು. ಅವಳ ಮೈದುನ, ಅಂಗಳದ ಲಾರಿ ಡ್ರೈವರ್, ಆ ಕತೆಗಳನ್ನು ಚಹಾದಂಗಡಿಯಲ್ಲಿ ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಅತ್ತಿಗೆ ಬೈದರೂ ಬಿಡುತ್ತಿರಲಿಲ್ಲ. ಹೆಮ್ಮೆ ಪಡುವುದಕ್ಕೆ ಯಾರ ಅಪ್ಪಣೆ ಬೇಕು?

ಆ ಬೆಳಿಗ್ಗೆ ಅವನು ಶೆಡ್ಡಿಗೆ ಕಾಲಿಟ್ಟಾಗ ಮೇಸ್ತ್ರಿಯ ಹೆಂಡತಿ ಅಲ್ಲಿ ಕೂತಿದ್ದಳು. ಹಿಂದಿನ ದಿನ ರಸ್ತೆಬದಿಯ ದೊಡ್ಡ ಮರ ಕೊಯ್ಯುವಾಗ ಮೇಲಿನಿಂದ ಒಣಕೊಂಬೆ ಬಿದ್ದು, ಯಂತ್ರದ ಗರಗಸ ಮುಖಕ್ಕೆ ಚಿಮ್ಮಿ, ಮೇಸ್ತ್ರಿ ಆಸ್ಪತ್ರೆ ಸೇರಿದ್ದ. ಜೀವಕ್ಕೆ ಭಯವಿರಲಿಲ್ಲ. ಆದರೆ ದವಡೆಗೆ ಕಟ್ಟು ಹಾಕಿದ್ದರಿಂದ ಮಾತಿಲ್ಲ, ಮಂಪರಿನಲ್ಲಿ ಬರೆಯಲೂ ಆಗುತ್ತಿರಲಿಲ್ಲ. ಜನ ಓಡಿಬಂದಾಗ ಅವನ ತಲೆ ಬರಿದಾಗಿತ್ತು, ಹಳದಿ ಹೆಲ್ಮೆಟ್ ಬೇಲಿಯ ಗೂಟಕ್ಕೆ ನೇತಾಡುತ್ತಿತ್ತು.

"ತಲೆಗೆ ಹಾಕ್ಕೊಳ್ದೆ ಅವರು ಗರಗಸ ಮುಟ್ಟೋರಲ್ಲ ಅಕ್ಕ," ಎಂದಳು ಆಕೆ. "ಇಪ್ಪತ್ತಾರು ವರ್ಷ ಹೊಸಬರಿಗೆಲ್ಲ ಅದನ್ನೇ ಪಾಠ ಹೇಳಿದ್ದಾರೆ. ಈಗ ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತ ನಗ್ತಿದ್ದಾರೆ. ಸಾಯಂಕಾಲ ಅಂಗಳದ ಸಾಹೇಬರು ಅವರನ್ನ ಹೊಸಬರ ಪಾಠದಿಂದ ತೆಗೀತಾರಂತೆ. ಗಾಯ ವಾಸಿಯಾಗುತ್ತೆ, ಆ ಮಾತು ಕೇಳಿದ್ರೆ ಅವರು ಉಳಿಯಲ್ಲ."

ಅತ್ತಿಗೆ ಅರವನ್ನು ಕೆಳಗಿಟ್ಟಳು. ಅರ ಕೆಳಗಿಟ್ಟಳೆಂದರೆ ಕೇಸು ಒಪ್ಪಿದಳೆಂದೇ ಅರ್ಥ. ಮೈದುನ ಲಾರಿಯ ಕೀಲಿ ಕೈಗೆತ್ತಿಕೊಂಡ.

ಮೇಸ್ತ್ರಿಯ ಜೊತೆ ಆ ಮರದ ಬಳಿ ಇದ್ದವರು ಇಬ್ಬರೇ. ಒಬ್ಬ ಹಗ್ಗ ಹಿಡಿಯುವವನು, ಮೇಸ್ತ್ರಿಯ ಅಳಿಯ. ಇನ್ನೊಬ್ಬ ಪೆಟ್ರೋಲ್ ಕ್ಯಾನು ತಂದಿದ್ದ ಉಗ್ರಾಣದವನು. ತನ್ನ ಹಳೇ ಹೆಲ್ಮೆಟ್ ಬದಲಿಸಿಕೊಡಲಿಲ್ಲವೆಂದು ಅವತ್ತು ಬೆಳಿಗ್ಗೆಯಷ್ಟೇ ಮೇಸ್ತ್ರಿ ಅವನ ನೀರಿಳಿಸಿದ್ದ. ತಾನು ಹಗ್ಗ ತರಲು ಹೋಗಿ ಬಂದಾಗ ಉಗ್ರಾಣದವನು ಅಲ್ಲಿ ನಿಂತಿದ್ದ ಎಂದ ಅಳಿಯ. ತಾನು ಬಂದಾಗಲೇ ಮೇಸ್ತ್ರಿ ಬಿದ್ದಿದ್ದ, ಬರಿ ತಲೆ, ಬೇಲಿಯ ಮೇಲೆ ಹೆಲ್ಮೆಟ್ ಎಂದ ಉಗ್ರಾಣದವನು.

ಆಸ್ಪತ್ರೆಯಲ್ಲಿ ಅತ್ತಿಗೆ ರೋಗಿಗಿಂತ ಹೆಚ್ಚು ಹೊತ್ತು ಅವನ ಬಟ್ಟೆಯ ಗಂಟನ್ನೇ ನೋಡಿದಳು. ಅಂಗಿಯ ಹೆಗಲ ತುಂಬ ಮರದ ಪುಡಿ, ಕಾಲರಿನ ಮಡಿಕೆಯಲ್ಲಿ ಉಗುರಿನಷ್ಟು ಕೆಂಪು ಬಣ್ಣದ ಚಕ್ಕೆ. ಅದನ್ನು ಒದ್ದೆ ಬೆರಳಿನಿಂದ ಉಜ್ಜಿ, ಮೂಸಿ, ಕಾಗದದಲ್ಲಿ ಸುತ್ತಿಕೊಂಡಳು. ತಲೆಯಲ್ಲಿ ಏನಾದರೂ ಸಿಕ್ಕಿತೇ ಎಂದು ನರ್ಸನ್ನು ಕೇಳಿದಳು. ರಕ್ತ ಒರೆಸಿದ್ದು ಬಿಟ್ಟರೆ ಕೂದಲು ಶುಚಿಯಾಗಿತ್ತಂತೆ. ಗಾಯ ಗದ್ದದಿಂದ ಮೇಲಕ್ಕೆ ಹೊರಟು ತುಟಿಯ ಕೆಳಗೆ ತಟ್ಟನೆ ನಿಂತಿತ್ತು. ಕಣ್ಣು ಉಳಿದದ್ದೇ ಆಶ್ಚರ್ಯ ಎಂದರು ಡಾಕ್ಟರು.

ವಾಪಸು ಬರುವಾಗ ಮೈದುನ ತಡೆಯಲಾರದೆ ಹೇಳಿದ, "ಕೆಂಪು ಬಣ್ಣ ಅಂದ್ರೆ ಉಗ್ರಾಣದವನೇ ಅತ್ತಿಗೆ. ಕಡಿಯೋ ಮರಕ್ಕೆ ಗುರುತು ಹಾಕೋನು ಅವನು."

"ರಸ್ತೆ ನೋಡ್ಕೊಂಡು ಓಡ್ಸಪ್ಪ," ಎಂದಳು ಅವಳು.

ಸಂಜೆ ನಾಲ್ಕಕ್ಕೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಸಾಹೇಬರ ಕೈಯಲ್ಲಿ ಮೇಸ್ತ್ರಿಯನ್ನು ಪಾಠದಿಂದ ತೆಗೆಯುವ ಪತ್ರವಿತ್ತು. ಅತ್ತಿಗೆ ಬೇಲಿಯ ಮೇಲಿದ್ದ ಹೆಲ್ಮೆಟನ್ನು ಮೇಜಿನ ಮೇಲಿಟ್ಟು ಮಾತು ಶುರು ಮಾಡಿದಳು. ಬರಿ ತಲೆಯಲ್ಲಿ ಮರ ಕೊಯ್ದವನ ಕೂದಲಲ್ಲಿ ಹಿಡಿ ಪುಡಿ ಇರಬೇಕು, ಮೇಸ್ತ್ರಿಯ ಹೆಗಲಲ್ಲಿತ್ತೇ ಹೊರತು ತಲೆಯಲ್ಲಿರಲಿಲ್ಲ. ಗದ್ದಕ್ಕೆ ತಾಗಿದ ಗರಗಸ ಕಣ್ಣಿನವರೆಗೆ ಹೋಗಬೇಕಿತ್ತು, ಹೆಲ್ಮೆಟ್ಟಿನಿಂದ ಇಳಿಯುವ ಮುಖದ ಜಾಲರಿ ಶುರುವಾಗುವ ಜಾಗದಲ್ಲೇ ನಿಂತಿತು. ಅಂದರೆ ಮೇಸ್ತ್ರಿ ಹೆಲ್ಮೆಟ್ ಹಾಕಿದ್ದ, ಜಾಲರಿಯನ್ನೂ ಇಳಿಸಿದ್ದ. ಆದರೆ ಬೇಲಿಯ ಮೇಲಿದ್ದ ಹೆಲ್ಮೆಟ್ಟಿನಲ್ಲಿ ಒಂದು ಗೀರೂ ಇಲ್ಲ.

"ಹಾಗಾದ್ರೆ ಇದು ಅವರದ್ದಲ್ಲ. ಯಾರದ್ದು ಅಂತ ಇದನ್ನೇ ಕೇಳೋಣ," ಎಂದಳು. "ತಲೆ ಅಳತೆಗೆ ಬಿಗಿಯೋ ಒಳಪಟ್ಟಿ ಮುಟ್ಟದೆ ಒಬ್ಬೊಬ್ಬರೇ ಹಾಕ್ಕೊಳ್ಳಿ."

ಉಗ್ರಾಣದವನ ತಲೆಯ ಮೇಲೆ ಅದು ಮಡಕೆಯ ಮುಚ್ಚಳದಂತೆ ಕೂತು ಜಾರಿತು. ಮೈದುನನಿಗೆ ಕಿವಿಯ ಮೇಲೇ ನಿಂತಿತು. ಅಳಿಯ ಕೈ ಚಾಚಲೇ ಇಲ್ಲ. ಅತ್ತಿಗೆಯೇ ಎದ್ದು ತೊಡಿಸಿದಳು. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

"ಗುರುತಿನ ಬಣ್ಣ ಒದ್ದೆ ಬೆರಳಿಗೆ ಅಳಿಸುತ್ತೆ. ಈ ಚಕ್ಕೆ ಅಳಿಸಲ್ಲ, ಬಣ್ಣ ಕರಗಿಸೋ ಥಿನ್ನರ್ ವಾಸನೆಯೂ ಇದೆ. ಇದು ಅವರು ಹಾಕಿದ್ದ ಹೆಲ್ಮೆಟ್ಟಿಂದ್ಲೇ ಉದುರಿದ್ದು. ಕೆಂಪು ಹೆಲ್ಮೆಟ್ ಎಲ್ಲಿಟ್ಟಿದ್ದೀಯಪ್ಪ?"

ಅಳಿಯ ಹೊರಗೆ ಹೋಗಿ, ಲಾರಿಯಲ್ಲಿದ್ದ ಗೋಣಿಚೀಲಗಳ ಅಡಿಯಿಂದ ಅದನ್ನು ತಂದಿಟ್ಟ. ನೆತ್ತಿಯಿಂದ ಅಂಚಿನವರೆಗೆ ಸೀಳು. ಜಾಲರಿಯ ಕೆಳಂಚಿನಲ್ಲಿ ಗರಗಸ ಕಚ್ಚಿದ ಗುರುತು.

"ಮಾವನ ಪಾಠಕ್ಕೆ ಇಪ್ಪತ್ತಾರು ವರ್ಷ ತುಂಬಿತು ಅಂತ, ಅವರದ್ದೇ ಹಳೇ ಹೆಲ್ಮೆಟನ್ನ ಥಿನ್ನರಲ್ಲಿ ತೊಳೆದು ಬಣ್ಣ ಹೊಡೆದೆ," ಎಂದ. "ಮರದ ಹತ್ರ ಕೊಟ್ಟೆ. ಥಿನ್ನರ್ ತಾಗಿದ್ರೆ ಪ್ಲಾಸ್ಟಿಕ್ ಸೀಳುತ್ತೆ, ಹಚ್ಚಬಾರದಿತ್ತು ಕಣೋ ಅಂದ್ರು. ಆಮೇಲೆ ನನ್ನ ಮುಖ ನೋಡಿ, ಇವತ್ತೊಂದಿನ ಹಾಕ್ಕೋತೀನಿ ಅಂದ್ರು. ಒಡೆದಿದ್ದು ನೋಡಿ ನಾನೇ ಕೊಂದೆ ಅಂತ ಭಯವಾಯ್ತು. ಅದನ್ನ ಬಿಚ್ಚಿ ಲಾರಿಲಿ ಬಚ್ಚಿಟ್ಟು ನನ್ನದನ್ನ ಬೇಲಿಗೆ ಹಾಕಿದೆ. ಅವರ ಮರ್ಯಾದೆ ಹೋಗುತ್ತೆ ಅಂತ ಹೊಳೀಲೇ ಇಲ್ಲ."

ಮೇಸ್ತ್ರಿಯ ಹೆಂಡತಿ ಅಳಿಯನನ್ನು ಬೈಯಲಿಲ್ಲ. ಒಡೆದ ಹೆಲ್ಮೆಟನ್ನು ಮಡಿಲಿಗೆ ಎತ್ತಿಕೊಂಡು, "ಹಾಕಿದ್ರು, ನೋಡಿದ್ರಾ, ಹಾಕಿದ್ರು," ಎಂದು ಎಲ್ಲರ ಮುಖಕ್ಕೂ ಹಿಡಿದು ತೋರಿಸಿದಳು. ಆ ದನಿಯಲ್ಲಿದ್ದ ಹೆಮ್ಮೆಗೆ ಸಾಹೇಬರು ಪತ್ರ ಮಡಚಿ ಜೇಬಿಗೆ ಸೇರಿಸಿದರು.

ಎರಡು ತಿಂಗಳ ನಂತರ ಮೇಸ್ತ್ರಿ ಪಾಠಕ್ಕೆ ಬಂದ. ಗದ್ದದ ಗಾಯದ ಮೇಲೆ ಗಡ್ಡ ಬಿಟ್ಟಿರಲಿಲ್ಲ, ಎಲ್ಲರೂ ನೋಡಲಿ ಎಂದೇ ಬೋಳಿಸಿಕೊಂಡಿದ್ದ. ಕೆಂಪು ಹೆಲ್ಮೆಟನ್ನು ಹೊಸಬರ ಮುಂದಿಟ್ಟ.

"ಸೀಳಿದ್ರೂ ಇದು ತಲೆ ಉಳಿಸ್ತು, ಜಾಲರಿ ಕಣ್ಣು ಉಳಿಸ್ತು. ಗೊತ್ತಿದ್ದೂ ಇದನ್ನ ಹಾಕ್ಕೊಂಡಿದ್ದು ನನ್ನ ತಪ್ಪು. ಮುಂದಿನ ಪಾಠ ನನ್ನ ಅಳಿಯ ಮಾಡ್ತಾನೆ. ಇದನ್ನ ಅವನಷ್ಟು ಚೆನ್ನಾಗಿ ಕಲಿತೋರು ಇಲ್ಲಿ ಯಾರೂ ಇಲ್ಲ."

ಅಳಿಯ ಎದ್ದು ನಿಂತ. ಮೇಸ್ತ್ರಿ ಹೊಸಬರ ಸಾಲಿನಲ್ಲಿ ಹೋಗಿ ಕೂತು, ಅಳಿಯ ಹೇಳಿದ ಹಾಗೆ ತನ್ನ ಹೊಸ ಹೆಲ್ಮೆಟ್ಟಿನ ಒಳಪಟ್ಟಿ ಬಿಗಿದು, ಜಾಲರಿ ಇಳಿಸಿಕೊಂಡ.