ಸೇವಂತಿಗೆ ತೋಟದ ಪಕ್ಕದ ಫ್ಲಡ್‌ಲೈಟು

ಕಬಡ್ಡಿ ಅಂಕಣದ ಮೇಲಿದ್ದ ಬೆಳಕು ಫಕ್ಕನೆ ಆರಿತು.

"ಯಾರ್ರೀ ಅದು?" ಯಮುನಾ ಸ್ವಿಚ್ ಬೋರ್ಡಿನ ಕಡೆ ಧಾವಿಸಿದಳು.

ಅಲ್ಲಿ ನಿಂತಿದ್ದವನ ಕೈಯೆಲ್ಲ ಮಣ್ಣು. ಬೇಲಿಯಾಚೆಯ ಸೇವಂತಿಗೆ ತೋಟದ ಆನಂದ್.

"ಮೇಡಂ, ಸಂಜೆ ಮೇಲೆ ಈ ಲೈಟು ಹಾಕಿದ್ರೆ ನಮಗೆ..."

"ಗೊತ್ತು ಬಿಡಿ. ಕತ್ತಲಾದ್ಮೇಲೆ ಹೆಣ್ಮಕ್ಕಳು ಆಡಿದ್ರೆ ನಿಮಗೆ ಆಗಲ್ಲ, ಅಷ್ಟೇ ತಾನೆ?"

ಅವನು ಅವಳ ಹಿಂದೆ ನಿಂತಿದ್ದ ಹುಡುಗಿಯರನ್ನು ನೋಡಿದ. ಯಮುನಾಳನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಆಮೇಲೆ ತಾನೇ ಸ್ವಿಚ್ ಒತ್ತಿ, ಲೈಟು ಹಾಕಿ ಹೊರಟುಹೋದ.

ಯಮುನಾಗೆ ಮೂಗಿನ ತುದಿಯಲ್ಲೇ ಕೋಪ, ಒಪ್ಪೋಣ. ಆದರೆ ತಾನು ಆಡುತ್ತಿದ್ದ ಕಾಲದಿಂದಲೂ 'ಕತ್ತಲಾಯ್ತು, ಮನೆಗೆ ನಡೀರಿ' ಎಂಬ ಮಾತು ಕೇಳಿ ಅವಳು ರೋಸಿಹೋಗಿದ್ದಳು. ಈಗ ಅವಳು ಕೋಚ್. ಅವಳ ಹುಡುಗಿಯರು ಗಾರ್ಮೆಂಟ್ಸ್ ಫ್ಯಾಕ್ಟರಿಯ ಕೆಲಸ ಮುಗಿಸಿ, ಆರು ಗಂಟೆಗೆ ಕೆ.ಆರ್. ಪುರದ ಈ ಮೈದಾನಕ್ಕೆ ಓಡಿ ಬರುವವರು. ಲೈಟಿಲ್ಲದಿದ್ದರೆ ತಂಡವೇ ಇಲ್ಲ.

ಮೈದಾನಕ್ಕೆ ಕಾಯಂ ಆಗಿ ಯಾವ ಲೈಟು ಬೇಕೆಂದು ಶನಿವಾರದೊಳಗೆ ಹೇಳಿ ಎಂದಿದ್ದರು ಮೈದಾನ ಸಮಿತಿಯ ಮುನಿರಾಜಪ್ಪ. ಸದ್ಯಕ್ಕೆ ಹಾಕಿ ನೋಡಲೆಂದು ಎತ್ತರದ ಕಂಬಕ್ಕೆ ಎರಡು ದೊಡ್ಡ ಲೈಟು ಕಟ್ಟಿಸಿದ್ದರು. ಯಮುನಾ ಮನಸ್ಸಿನಲ್ಲೇ ಅವನ್ನು ಆಯ್ದುಕೊಂಡಾಗಿತ್ತು. ಸ್ಟೇಡಿಯಮ್ಮಿನ ಹಾಗೆ ಝಗ್ಗೆನ್ನಬೇಕು ಎಂಬುದು ಅವಳ ಹಟ.

ಆನಂದ್ ಸಮಿತಿಗೆ ದೂರು ಕೊಡುತ್ತಾನೆಂದು ಕಾದಳು. ಮರುದಿನ ಕೊಡಲಿಲ್ಲ. ಅದರ ಮರುದಿನವೂ ಇಲ್ಲ. ಜಗಳಕ್ಕೆ ಬಂದವನು ತಾನೇ ಲೈಟು ಹಾಕಿ ಹೋಗುವುದೆಂದರೇನು? ಸೀಟಿ ಊದುವುದನ್ನು ಮರೆತು ಬೇಲಿಯ ಕಡೆ ನೋಡುತ್ತಾ ನಿಂತಳು. ಹುಡುಗಿಯರು ಮುಸಿಮುಸಿ ನಕ್ಕರು.

'ಅವನ್ಯಾರೋ, ನಾನ್ಯಾರೋ... ನನಗ್ಯಾಕೆ ಈ ತಳಮಳ?'

ಶುಕ್ರವಾರ ತಡೆಯಲಾಗಲಿಲ್ಲ. ಬೇಲಿ ದಾಟಿಯೇಬಿಟ್ಟಳು.

ತೋಟದಲ್ಲಿ ಆನಂದ್ ಮತ್ತು ಅವನ ಅಜ್ಜಿ ಅಕ್ಕಯಮ್ಮ ಉದ್ದನೆಯ ಕಪ್ಪು ಬಟ್ಟೆಯನ್ನು ಆ ಕಡೆ ಈ ಕಡೆ ಹಿಡಿದು, ಸೇವಂತಿಗೆ ಸಾಲುಗಳ ಮೇಲೆ ಎಳೆಯುತ್ತಿದ್ದರು. ಅಜ್ಜಿ ಏದುಸಿರು ಬಿಡುತ್ತಿದ್ದರು.

ಏನಿದು ಎಂದು ಕೇಳಿದ್ದಕ್ಕೆ ಅಜ್ಜಿ ಸೊಂಟ ಹಿಡಿದುಕೊಂಡು ವಿವರಿಸಿದರು. ರಾತ್ರಿ ಬೆಳಕು ಬಿದ್ದರೆ ಸೇವಂತಿಗೆ ಮೊಗ್ಗು ಹಿಡಿಯುವುದಿಲ್ಲ, ಬರೀ ಎಲೆ ಬಿಡುತ್ತದೆ. ದೀಪಾವಳಿಗೆ ರಸೆಲ್ ಮಾರುಕಟ್ಟೆಗೆ ಹೋಗಬೇಕಾದ ಹೂವು, ವರ್ಷದ ಬದುಕೇ ಅದು. ಅದಕ್ಕೇ ಮೈದಾನದ ಲೈಟು ಆರುವವರೆಗೆ ದಿನಾ ಹೊದಿಸುತ್ತಿದ್ದರಂತೆ.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಯಮುನಾಗೆ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಬಂದಿದ್ದೆ, ನೀವು ಬಿಡ್ಲಿಲ್ಲ," ಎಂದ ಆನಂದ್. "ಆಮೇಲೆ ಆ ಹುಡುಗೀರನ್ನ ನೋಡ್ದೆ. ಆಟ ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ಅವಳ ಕಣ್ಣು ತುಂಬಿತು. ಅಜ್ಜಿಯ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಎಳೆದಳು.

ಶನಿವಾರ ಮುನಿರಾಜಪ್ಪನವರ ಮುಂದೆ, ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ಕಬಡ್ಡಿ ನೆಲದ ಆಟ, ಆಕಾಶಕ್ಕೆ ಬೆಳಕೇಕೆ? ಗಿಡ್ಡ ಕಂಬ, ಮೇಲೆ ಮುಚ್ಚಳ, ಅಂಕಣಕ್ಕೆ ಮಾತ್ರ ಬಾಗಿದ ಲೈಟು ಸಾಕು ಎಂದಳು. ಅವು ಬರಲು ಹತ್ತು ದಿನ ಬೇಕಿತ್ತು; ಅಲ್ಲಿಯವರೆಗೆ ಹಳೆಯ ದೊಡ್ಡ ಲೈಟೇ ಗತಿ.

ಆ ಹತ್ತೂ ಸಂಜೆ ಹುಡುಗಿಯರನ್ನು ಆಟಕ್ಕೆ ಹಚ್ಚಿ ಅವಳು ಬೇಲಿ ದಾಟಿದಳು. ಬಟ್ಟೆ ಎಳೆಯುವುದು ಕಾಲು ಗಂಟೆಯ ಕೆಲಸ. ಮಾತು ಮುಗಿಯುವಾಗ ಅರ್ಧ ಗಂಟೆಯಾಗುತ್ತಿತ್ತು. ಆದರೂ ಇಬ್ಬರೂ ಹೇಳಬೇಕಾದ್ದನ್ನು ಬಿಟ್ಟು ಬೇರೆಲ್ಲ ಹೇಳಿದರು!

ಹೊಸ ಲೈಟು ಹತ್ತಿದ ಸಂಜೆ ಅಂಕಣವೆಲ್ಲ ಬೆಳಗಿತು. ತೋಟದ ಒಂದು ಎಲೆಗೂ ಬೆಳಕು ತಾಗಲಿಲ್ಲ. ಬಟ್ಟೆ ಮಡಿಸಿಡುತ್ತಿದ್ದ ಆನಂದನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ.

"ಇನ್ಮೇಲೆ ಹೊದಿಸೋ ಕೆಲಸ ಇಲ್ಲ," ಎಂದ. "ನೀವು ಬರೋಕೂ ಕಾರಣ ಇಲ್ಲ..."

ಯಮುನಾ ಬಟ್ಟೆಯ ಇನ್ನೊಂದು ತುದಿ ಹಿಡಿದಳು. 'ಇವನು ಈ ಜನ್ಮದಲ್ಲಿ ಹೇಳಲ್ಲ. ನಾನೇ ಹೇಳಬೇಕು.'

"ಆನಂದ್, ಬಟ್ಟೆ ಎಳೆಯೋಕೆ ನನ್ನ ಹತ್ರ ಹನ್ನೆರಡು ಜನ ಗಟ್ಟಿ ಹುಡುಗೀರಿದ್ರು. ಒಬ್ಬಳನ್ನೂ ಕಳಿಸ್ಲಿಲ್ಲ. ಯಾಕೆ ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ?"

ಅವನು ತಲೆ ಎತ್ತಿದ.

"ದಿನಾ ಅನ್ನಿಸ್ತಿತ್ತು. ಕೇಳಿದ್ರೆ ನಾಳೆಯಿಂದ ಅವರನ್ನೇ ಕಳಿಸಿಬಿಡ್ತೀರೇನೋ ಅಂತ... ಸುಮ್ನಿದ್ದೆ."