ಅಪ್ಪನ ಗ್ಯಾಸ್ ಟ್ರಬಲ್

"ಯಾರಾದರೂ ಕೇಳಿದರೆ ಏನು ಹೇಳ್ತಿ?" ಬಸ್ಸಿನಲ್ಲಿ ಅಮ್ಮ ತ್ರಿಶಾಳ ಕಿವಿಯ ಹತ್ತಿರ ಬಗ್ಗಿ ಕೇಳಿದಳು.

"ಮಾಣಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗ್ತಾ ಇದ್ದೇವೆ."

"ಅಪ್ಪನ ಮುಖ ಯಾಕೆ ಹಾಗೆ ಉಂಟು ಅಂತ ಕೇಳಿದರೆ?"

"ಗ್ಯಾಸ್ ಟ್ರಬಲ್."

ಅಮ್ಮ ಸಮಾಧಾನದಿಂದ ಸೀಟಿಗೆ ಒರಗಿದಳು. ಅವಳು ಮಗ್ಗಿಯನ್ನು ಕೂಡ ಇಷ್ಟು ಸಲ ಬಾಯಿಪಾಠ ಮಾಡಿಸಿರಲಿಲ್ಲ.

ಎದುರಿನ ಸೀಟಿನಲ್ಲಿ ಅಪ್ಪ ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. ಎರಡೂ ಕೈಗಳನ್ನು ತೊಡೆಯ ಅಡಿಯಲ್ಲಿ ಸಿಕ್ಕಿಸಿಕೊಂಡಿದ್ದ. ಕೈ ನಡುಗುವುದು ಯಾರಿಗೂ ಕಾಣಬಾರದು ಎಂದು ಅವನ ಉಪಾಯ. ಹಾಗೆ ಕೂತವನು ಟಿಕೆಟ್ ತೆಗೆದುಕೊಳ್ಳುವುದು ಹೇಗೆ ಎಂದು ಮಾತ್ರ ಯೋಚಿಸಿರಲಿಲ್ಲ. ಕಂಡಕ್ಟರ್ ಬಂದಾಗ ಅಮ್ಮನೇ ಕೈಚಾಚಬೇಕಾಯಿತು.

ಅವರು ಹೋಗುತ್ತಿದ್ದದ್ದು ಚಿಕ್ಕಮ್ಮನ ಮನೆಗೆ ಅಲ್ಲ. ಬಂಟ್ವಾಳದಲ್ಲಿ ಒಬ್ಬರು ಡಾಕ್ಟರ್ ಇದ್ದರು. ಕುಡಿತ ಬಿಡಿಸಲು ಸಹಾಯ ಮಾಡುವ ಡಾಕ್ಟರ್.

ಅಳದಂಗಡಿಯ ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ. ಕಣ್ಣಿಗೆ ಕಾಣದ ಹುಳು ಕೂಡ ಹೊಟ್ಟೆಗೆ ಹೋಗಿ ಸಾಯಬಾರದಲ್ಲ. ಹೊತ್ತು ಮುಳುಗಿದ ಮೇಲೆ ಯಾರೂ ಊಟ ಮಾಡುವುದಿಲ್ಲ. ಅಜ್ಜ ಅಭಯಚಂದ್ರರು ಬಸದಿಯ ಉಸ್ತುವಾರಿ ನೋಡಿಕೊಳ್ಳುವವರು, ಜೈನರ ಪದ್ಧತಿಯಲ್ಲಿ ಒಂದಿಷ್ಟೂ ಹೆಚ್ಚುಕಡಿಮೆ ಆಗಲು ಬಿಡುವವರಲ್ಲ. ಅಪ್ಪನೂ ಪದ್ಧತಿ ತಪ್ಪಿದವನಲ್ಲ. ಸೂರ್ಯ ಇಳಿಯುವ ಮೊದಲೇ ಊಟ ಮುಗಿಸಿ ಕೈತೊಳೆದು "ಒಂದು ವಾಕಿಂಗ್ ಹೋಗಿ ಬರ್ತೇನೆ" ಅನ್ನುತ್ತಿದ್ದ. ವಾಕಿಂಗ್ ಪೇಟೆಯ ಬಾರಿನ ತನಕ ಇರುತ್ತಿತ್ತು. ಅಲ್ಲಿ ಅವನು ಕುಡಿಯುತ್ತಿದ್ದದ್ದನ್ನು ಯಾರೂ ಬಟ್ಟೆಯಲ್ಲಿ ಸೋಸಿ ಕೊಡುತ್ತಿರಲಿಲ್ಲ.

ಕುಡಿತ ಎಂಬ ಪದ ಆ ಮನೆಯಲ್ಲಿ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಅಪ್ಪನ ಕಣ್ಣು ಕೆಂಪಾದರೆ ಗ್ಯಾಸ್. ಬೆಳಿಗ್ಗೆ ಏಳದಿದ್ದರೆ ಗ್ಯಾಸ್. ಪಂಪ್ ರಿಪೇರಿಯ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುವಾಗ ಕೈ ತಪ್ಪಿದರೆ ಅದೂ ಗ್ಯಾಸ್. ಇಷ್ಟು ಗ್ಯಾಸ್ ಒಂದೇ ಮನೆಯಲ್ಲಿ ಇದ್ದರೆ ಅಡುಗೆಗೆ ಸಿಲಿಂಡರ್ ಯಾಕೆ ಬೇಕು ಎಂದು ತ್ರಿಶಾಳಿಗೆ ಅನ್ನಿಸುತ್ತಿತ್ತು.

ಊರಿನವರೂ ಸುಮ್ಮನೆ ಕೂರಲಿಲ್ಲ. ಒಬ್ಬರು ಜೀರಿಗೆ ಕಷಾಯ ಕಳಿಸಿದರು, ಇನ್ನೊಬ್ಬರು ಓಮದ ನೀರು. ಪಕ್ಕದ ಮನೆಯ ಬೀಯಮ್ಮ ಶುಂಠಿ ಜಜ್ಜಿ ರಸ ತೆಗೆದು ತಂದರು. ಅಜ್ಜ ಅದನ್ನು ಬಹಳ ಮರ್ಯಾದೆಯಿಂದ ವಾಪಸು ಕೊಟ್ಟರು. ಹಸಿಶುಂಠಿ ನೆಲದ ಅಡಿಯಲ್ಲಿ ಬೆಳೆಯುವುದು, ನಮಗೆ ಆಗುವುದಿಲ್ಲ, ಮಗನ ಹೊಟ್ಟೆಗೆ ಅಂಥದ್ದೆಲ್ಲ ಹೋಗಬಾರದು ಎಂದರು. ಅಪ್ಪ ತಲೆ ತಗ್ಗಿಸಿದ. ಆಮೇಲೆ ವಾಕಿಂಗ್ ಹೋದ.

ಅಜ್ಜನಿಗೆ ಗೊತ್ತಿದ್ದ ಮದ್ದು ಒಂದೇ, ನಿಯಮ. ಇಂಥದ್ದನ್ನು ಬಿಟ್ಟೆ ಎಂದು ದೇವರ ಎದುರು ಹೇಳುವುದು. ಮಳೆಗಾಲದ ಚಾತುರ್ಮಾಸ ಮುಗಿಯುವ ತನಕ ಮುಟ್ಟುವುದಿಲ್ಲ ಎಂದು ಅಪ್ಪ ಬಸದಿಯಲ್ಲಿ ನಿಯಮ ತೆಗೆದುಕೊಂಡ. ತ್ರಿಶಾ ಖುಷಿಯಲ್ಲಿ ಕುಣಿದಾಡಿದಳು. ವಾರ ಕಳೆಯುವ ಮೊದಲೇ ಅಪ್ಪ ಬೆವರಿ ಒದ್ದೆಯಾದ, ವಾಂತಿ ಮಾಡಿದ, ಚಮಚ ಹಿಡಿಯಲಾರದೆ ಪಾಯಸ ಚೆಲ್ಲಿದ. ಮತ್ತೆ ವಾಕಿಂಗ್ ಶುರುವಾಯಿತು. ಮನಸ್ಸು ಗಟ್ಟಿ ಇಲ್ಲ ಎಂದರು ಅಜ್ಜ. ನಿಯಮ ಮುರಿದವನು ಎಂಬ ಹೆಸರೂ ಸೇರಿದ ಮೇಲೆ ಅಪ್ಪ ಮೊದಲಿಗಿಂತ ಹೆಚ್ಚು ಕುಡಿದ.

ಕೊನೆಗೆ ಒಂದು ಸಂಜೆ ಟ್ಯೂಷನ್‌ನಿಂದ ಬರುವಾಗ ಅಪ್ಪ ಓಡಿಸುತ್ತಿದ್ದ ಸ್ಕೂಟರ್ ಚರಂಡಿಗೆ ಬಿತ್ತು. ಹಿಂದೆ ಕೂತಿದ್ದ ತ್ರಿಶಾಳ ಮೊಣಕಾಲು ಸುಲಿಯಿತು. ದನ ಅಡ್ಡ ಬಂತು ಎಂದು ಮನೆಯವರು ಊರಿಗೆಲ್ಲ ಹೇಳಿದರು. ಆ ದನವನ್ನು ಯಾರೂ ನೋಡಿರಲಿಲ್ಲ. ಇದ್ದಿದ್ದರೆ ಪಾಪ, ಅದೂ ಬಂದು ತಾನಲ್ಲ ಅನ್ನುತ್ತಿತ್ತು.

ಆ ದಿನ ಅಪ್ಪ ಅವಳ ಮೊಣಕಾಲಿಗೆ ಮುಲಾಮು ಹಚ್ಚಲು ಕೂತ. ಬೆರಳು ನಡುಗಿ ಮುಲಾಮು ಗಾಯಕ್ಕಿಂತ ಚಾಪೆಗೇ ಹೆಚ್ಚು ತಾಗಿತು. ಅಪ್ಪ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಆಮೇಲೆ ಅಮ್ಮನ ಹತ್ತಿರ ಅಂದ, "ಪದ್ದೂ, ನನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು."

ಎಲ್ಲಿಗೆ ಎಂಬುದೇ ದೊಡ್ಡ ಸಮಸ್ಯೆ. ಯಾರ ಹತ್ತಿರವಾದರೂ ಕೇಳಬೇಕು, ಕೇಳಿದರೆ ವಿಷಯ ಗೊತ್ತಾಗುತ್ತದೆ. ಅಮ್ಮ ಬಚ್ಚಲಿನ ನಳ್ಳಿ ಜೋರಾಗಿ ಬಿಟ್ಟುಕೊಂಡು ಸರಕಾರದ ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಪಾಪ, ಅಲ್ಲಿ ಅಷ್ಟು ಮಳೆಯಾ ಎಂದು ಕೇಳಿದಳಂತೆ. ಬೆಳ್ತಂಗಡಿಗೇ ಹೋಗಬಹುದು ಎಂದಳಂತೆ. ಆದರೆ ಬೆಳ್ತಂಗಡಿಯಲ್ಲಿ ಅಜ್ಜನ ಪರಿಚಯದವರು. ಮೂಡುಬಿದಿರೆಯಲ್ಲಿ ಬಸದಿಗೊಬ್ಬರು ನೆಂಟರು. ಬಂಟ್ವಾಳವೇ ಸರಿ, ಅಲ್ಲಿ ನಮ್ಮವರು ಯಾರೂ ಇಲ್ಲ ಎಂದು ಅಜ್ಜ ತೀರ್ಪು ಕೊಟ್ಟರು. ಮಗುವನ್ನೂ ಕರೆದುಕೊಂಡು ಹೋದರೆ ಯಾರಿಗೂ ಸಂಶಯ ಬರುವುದಿಲ್ಲ ಎಂದೂ ಸೇರಿಸಿದರು.

ಡಾಕ್ಟರ ಕ್ಲಿನಿಕ್ ಒಂದು ಬೇಕರಿಯ ಮಾಳಿಗೆಯಲ್ಲಿತ್ತು. ಮೆಟ್ಟಿಲಿನ ಪಕ್ಕ 'ಡಾ. ಜುವೈರಿಯಾ, ಮನೋವೈದ್ಯರು' ಎಂಬ ಬೋರ್ಡು. ಅಪ್ಪ ಕೆಳಗೇ ನಿಂತು ಬೇಕರಿಯ ಬಿಸ್ಕಿಟುಗಳನ್ನು ಪರೀಕ್ಷೆಗೆ ಓದುವವನ ಹಾಗೆ ನೋಡತೊಡಗಿದ. ಅಮ್ಮ ಅವನ ಅಂಗಿಯ ತೋಳು ಹಿಡಿದು ಹತ್ತಿಸಿದಳು. ಟೋಕನ್ ತೆಗೆದುಕೊಂಡು ಒಳಗೆ ತಿರುಗಿದರೆ ಮೂಲೆಯ ಕುರ್ಚಿಯಲ್ಲಿ ಚಿನ್ನಯ್ಯ ಮಾಮ.

ಚಿನ್ನಯ್ಯ ಮಾಮ ಅಳದಂಗಡಿಯ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವವರು. ಬೆಳಿಗ್ಗೆ ಅಲ್ಲಿಗೆ ಹಾಲಿನ ಜೊತೆ ಊರಿನ ಸುದ್ದಿಯೂ ಬರುತ್ತದೆ. ಸಂಜೆಗೆ ಅದು ಒಂದಕ್ಕೆರಡಾಗಿ ಮನೆಮನೆಗೆ ಹೋಗುತ್ತದೆ. ಇವರಿಗೆ ಗೊತ್ತಾಗಬಾರದು ಎಂದೇ ಅಷ್ಟು ದೂರ ಬಸ್ಸು ಬದಲಿಸಿ ಬಂದದ್ದು. ಅವರ ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗ ಜಿತೇಶಣ್ಣ ತಲೆ ಬಗ್ಗಿಸಿ ಮೊಬೈಲ್ ಉಜ್ಜುತ್ತಿದ್ದ. ಅವನು ಮಂಗಳೂರಿನಲ್ಲಿ ಕೋಚಿಂಗಿಗೆ ಸೇರಿದ್ದಾನೆ ಎಂದು ಚಿನ್ನಯ್ಯ ಮಾಮ ಊರಿಗೆಲ್ಲ ಹೇಳಿದ್ದರು.

ಅಮ್ಮ ಟೋಕನನ್ನು ಮುಷ್ಟಿಯಲ್ಲಿ ಅಡಗಿಸಿದಳು.

"ನಾವು ಮಾಣಿಗೆ ಹೊರಟದ್ದು," ಎಂದಳು ಅಮ್ಮ. "ಇವರಿಗೆ ದಾರಿಯಲ್ಲಿ ಗ್ಯಾಸ್ ಆಯಿತು."

"ಹೌದಾ? ನಾವು ಇವನ ಕಣ್ಣು ತೋರಿಸುವ ಅಂತ ಬಂದದ್ದು," ಎಂದರು ಚಿನ್ನಯ್ಯ ಮಾಮ. "ಓದಿ ಓದಿ ಕೆಂಪಾಗಿದೆ."

ಒಬ್ಬರಿಗೆ ಗ್ಯಾಸ್, ಒಬ್ಬರಿಗೆ ಕಣ್ಣು. ಗೋಡೆಯಲ್ಲಿ ಮಿದುಳಿನ ದೊಡ್ಡ ಚಿತ್ರ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ತ್ರಿಶಾ ಕೇಳಿದ್ದಳು. ಎರಡು ಬೆಕ್ಕುಗಳು ಎದುರೆದುರು ಕೂತು ಕಣ್ಣು ಮುಚ್ಚಿಕೊಳ್ಳುವುದನ್ನು ಈಗಲೇ ನೋಡಿದ್ದು.

ಅವಳಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅಪ್ಪ ಎದ್ದು ನಿಂತ. "ಇನ್ನೊಂದು ದಿನ ಬರುವ," ಎಂದು ಮೆಟ್ಟಿಲಿನ ಕಡೆ ಹೆಜ್ಜೆ ಹಾಕಿದ.

ತ್ರಿಶಾಳ ನಗು ಹಾರಿಹೋಯಿತು. ಆ ಇನ್ನೊಂದು ದಿನ ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ಇಳಿದು ಹೋದರೆ ಅಪ್ಪ ಮತ್ತೆಂದೂ ಈ ಮೆಟ್ಟಿಲು ಹತ್ತುವುದಿಲ್ಲ. ನಾಳೆ ಇನ್ನೊಂದು ದನ ಅಡ್ಡ ಬರುತ್ತದೆ. ಅವಳಿಗೆ ತುಂಬಾ ಹೆದರಿಕೆಯಾಯಿತು.

"ಚಿನ್ನಯ್ಯ ಮಾಮ," ಎಂದಳು. ಸ್ವರ ಸಣ್ಣದಾಗಿತ್ತು. "ಅಪ್ಪನಿಗೆ ಗ್ಯಾಸ್ ಇಲ್ಲ. ಕುಡಿಯುವುದನ್ನು ಬಿಡಬೇಕು ಅಂತ ಉಂಟು, ಆದರೆ ಆಗುವುದಿಲ್ಲ. ಅದಕ್ಕೆ ಬಂದದ್ದು. ಆವತ್ತು ದನವೂ ಇರಲಿಲ್ಲ."

ಅಮ್ಮ ಕಣ್ಣು ಮುಚ್ಚಿಕೊಂಡಳು. ಅಪ್ಪ ಮೆಟ್ಟಿಲಿನ ಹತ್ತಿರವೇ ನಿಂತ, ತಿರುಗಲಿಲ್ಲ. ಚಿನ್ನಯ್ಯ ಮಾಮ ಬಾಯಿ ತೆರೆದರು. ಆದರೆ ಊರಿನ ಎಲ್ಲ ಸುದ್ದಿಗೂ ಮಾತು ಇದ್ದ ಅವರಿಗೆ ಆಗ ಒಂದೂ ಸಿಗಲಿಲ್ಲ.

ಮಾತಾಡಿದ್ದು ಜಿತೇಶಣ್ಣ. ಮೊಬೈಲಿನಿಂದ ತಲೆ ಎತ್ತದೆಯೇ, "ನನ್ನ ಕಣ್ಣಿಗೂ ಏನೂ ಆಗಿಲ್ಲ. ನಾನು ಗಾಂಜಾ ಸೇದುತ್ತೇನೆ," ಎಂದ.

ಚಿನ್ನಯ್ಯ ಮಾಮನ ಮುಖ ಒಮ್ಮೆಗೇ ಮುದುಕರ ಮುಖದ ಹಾಗಾಯಿತು. ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತಮ್ಮ ಚೀಲವನ್ನು ಎತ್ತಿ ಕೆಳಗಿಟ್ಟರು. "ಕೂತುಕೊಳ್ಳಿ ಮಾರಾಯ್ರೆ," ಎಂದರು ಅಪ್ಪನಿಗೆ. "ಟೋಕನ್ ತಪ್ಪಿದರೆ ಮತ್ತೆ ಸಂಜೆಯಾಗ್ತದೆ."

ಅಪ್ಪ ಬಂದು ಕೂತ.

ಜುವೈರಿಯಾ ಡಾಕ್ಟರ್ ಬೈಯಬಹುದು ಎಂದುಕೊಂಡಿದ್ದಳು ತ್ರಿಶಾ. ಬೈಯಲಿಲ್ಲ. ಅಪ್ಪನೊಬ್ಬನ ಹತ್ತಿರವೇ ಬಹಳ ಹೊತ್ತು ಮಾತಾಡಿ ಆಮೇಲೆ ಅಮ್ಮನನ್ನೂ ಅವಳನ್ನೂ ಒಳಗೆ ಕರೆದರು. ಅಪ್ಪ ನಿಯಮದ ವಿಷಯವನ್ನೂ ಹೇಳಿದ್ದ. ದಿನಾ ಕುಡಿಯುವ ದೇಹ ಒಮ್ಮೆಗೇ ಬಿಟ್ಟರೆ ಹಾಗೆ ನಡುಗುತ್ತದೆ, ಕೆಲವು ಸಲ ಜೀವಕ್ಕೂ ಅಪಾಯ, ಅದು ಮನಸ್ಸು ಗಟ್ಟಿ ಇಲ್ಲದ್ದರಿಂದ ಅಲ್ಲ ಎಂದರು ಡಾಕ್ಟರ್. ಮಾತ್ರೆ ಉಂಟು, ಪ್ರತಿ ವಾರ ಬಂದು ಮಾತಾಡಬೇಕು, ನಡುವೆ ಒಮ್ಮೆ ಜಾರಿದರೂ ಅಡಗಿಸದೆ ಬಂದು ಹೇಳಬೇಕು ಎಂದರು.

"ನಿಯಮ ಬೇಡವಾ ಹಾಗಾದರೆ?" ಅಮ್ಮ ಅಳುಕುತ್ತಾ ಕೇಳಿದಳು.

"ಬೇಡ ಅಂತ ನಾನು ಯಾಕೆ ಹೇಳಲಿ? ನಿಯಮ ಇರಲಿ, ಮದ್ದೂ ಇರಲಿ. ಶುಗರ್ ಇದ್ದವರಿಗೆ ಬರೀ ನಿಯಮ ಕೊಟ್ಟು ಕೂರಿಸ್ತೀರಾ?"

ಅಜ್ಜ ಶುಗರಿಗೆ ದಿನಾ ಮಾತ್ರೆ ನುಂಗುವುದು ತ್ರಿಶಾಳಿಗೆ ನೆನಪಾಯಿತು. ಅಜ್ಜನ ಮನಸ್ಸು ಗಟ್ಟಿ ಇಲ್ಲ ಎಂದು ಯಾರೂ ಹೇಳಿರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಅದನ್ನು ಹಾಗೆಯೇ ಅಜ್ಜನಿಗೆ ಹೇಳಿದಳು. ಚಿನ್ನಯ್ಯ ಮಾಮ ಸಿಕ್ಕಿದ್ದನ್ನೂ ಹೇಳಿದಳು. ಅಜ್ಜ ಜಗಲಿಯಲ್ಲಿ ಕೂತು ಕೇಳಿದರು. ಆಮೇಲೆ ಎದ್ದು ಅಪ್ಪನ ಮಾತ್ರೆಗಳನ್ನು ತಮ್ಮ ಶುಗರಿನ ಮಾತ್ರೆಯ ಡಬ್ಬಿಯ ಪಕ್ಕದಲ್ಲಿ ಇಟ್ಟರು.

ಹೊತ್ತು ಮುಳುಗುವ ಮೊದಲೇ ಊಟವಾಯಿತು. ಅಪ್ಪ ಕೈತೊಳೆದು ಚಪ್ಪಲಿ ಮೆಟ್ಟಿದ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ವಾಕಿಂಗ್ ಹೋಗುವ," ಎಂದ ಅಪ್ಪ. "ತ್ರಿಶಾ, ನೀನೂ ಬಾ."

ಗೇಟಿನ ಹತ್ತಿರ ಬೀಯಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಎಂದಿನ ಹಾಗೆ, ಗ್ಯಾಸ್ ಹೇಗೆ ಉಂಟು ಎಂದು ಕೇಳಿದರು. ಅಪ್ಪ ನಿಂತ. ತ್ರಿಶಾ ಬಾಯಿಪಾಠ ನೆನಪು ಮಾಡಿಕೊಂಡಳು. ಅದು ಬೇಕಾಗಲಿಲ್ಲ.

"ಗ್ಯಾಸ್ ಅಲ್ಲ ಬೀಯಮ್ಮ," ಎಂದ ಅಪ್ಪ. "ಕುಡಿತ. ಇವತ್ತು ಡಾಕ್ಟರಲ್ಲಿಗೆ ಹೋಗಿ ಬಂದೆ."

ಬೀಯಮ್ಮ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ಗೊತ್ತುಂಟು ಮಗಾ," ಎಂದರು ಮೆಲ್ಲಗೆ. "ಎಲ್ಲರಿಗೂ ಗೊತ್ತುಂಟು. ನೀವು ಗ್ಯಾಸ್ ಅಂದಿರಿ, ನಾವು ಶುಂಠಿ ತಂದೆವು. ಬೇರೆ ಏನು ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬರುವುದು ಹೇಳು?"

ತ್ರಿಶಾ ಜೀರಿಗೆ ಕಷಾಯವನ್ನು ನೆನೆದಳು, ಓಮದ ನೀರನ್ನು ನೆನೆದಳು. ಊರಿನವರೆಲ್ಲ ಎಂಥ ಪೆದ್ದರು ಎಂದು ಅವಳು ಎಷ್ಟು ನಕ್ಕಿದ್ದಳು. ಈಗ ಅವಳು ಅಪ್ಪನ ಕೈ ಹಿಡಿದುಕೊಂಡಳು.

ಪೇಟೆಯಲ್ಲಿ ಬಾರಿನ ದೀಪ ಹತ್ತಿತ್ತು. ಅಪ್ಪನ ನಡಿಗೆ ನಿಧಾನವಾಯಿತು. ಅವಳು ಹಿಡಿದಿದ್ದ ಅವನ ಕೈ ಬೆವರಿತ್ತು, ಇನ್ನೂ ನಡುಗುತ್ತಿತ್ತು. ಮೊದಲಾಗಿದ್ದರೆ ಇದು ಯಾವಾಗ ನಿಲ್ಲುತ್ತದೆ ಎಂದು ಕೇಳುತ್ತಿದ್ದಳು. ಇವತ್ತು ಕೇಳಲಿಲ್ಲ, ಕೈ ಬಿಡಲೂ ಇಲ್ಲ.

"ಮುಂದಿನ ವಾರವೂ ನನಗೆ ರಜೆ ಹಾಕಬೇಕಲ್ಲ," ಎಂದಳು. "ಟೀಚರಿಗೆ ಏನು ಹೇಳುವುದು?"

ಅಪ್ಪ ಸ್ವಲ್ಪ ಯೋಚಿಸಿದ. "ಅಪ್ಪನ ಜೊತೆ ಡಾಕ್ಟರಲ್ಲಿಗೆ ಹೋಗ್ಲಿಕ್ಕುಂಟು ಅಂತ ಹೇಳು," ಎಂದ.

ಬಾರು ಹಿಂದಾಯಿತು. ಇಬ್ಬರೂ ಬಸ್ ಸ್ಟಾಪಿನ ತನಕ ಹೋಗಿ, ರಸ್ತೆಯ ಆಚೆ ಬದಿಯಿಂದ ಮನೆಗೆ ಬಂದರು.